ಕೆಂಡ ಹತ್ತುವಷ್ಟರಲ್ಲಿ ಒಂದು ಪಾಠ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ವಸತಿ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿಯೇ ಒಳಹೋಗಬೇಕಾದಂಥ ಜಾಗದಲ್ಲಿ, ಅರವತ್ತು ದಾಟಿದ ಹೆಂಗಸೊಬ್ಬರು ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬುತ್ತಿದ್ದಾರೆ. ಉರಿಯುವ ಕಾಗದದ ಸುರುಳಿಯನ್ನು ಇದ್ದಿಲಿನ ಸಂದಿಗೆ ತೂರಿಸಿ, ಪೆಟ್ಟಿಗೆಯನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿಡುತ್ತಾರೆ. ಕೆಂಡ ಹದಕ್ಕೆ ಬರಲು ಸ್ವಲ್ಪ ಹೊತ್ತು ಬೇಕು. ಬೇರೆಯವರಾದರೆ ಆ ಹೊತ್ತಿನಲ್ಲಿ ಚಹಾ ಕುಡಿಯುತ್ತಾರೆ. ಇವರು ಕೈಗಂಟಿದ ಮಸಿಯನ್ನು ಹಳೆ ಬಟ್ಟೆಗೆ ಒರೆಸಿಕೊಂಡು, ಕನ್ನಡಕ ಏರಿಸಿ, ಮೇಜಿನ ಕೆಳಗಿನಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದು ಗಟ್ಟಿಯಾಗಿ ಓದಲು ಶುರು ಮಾಡುತ್ತಾರೆ.

"ಮಗುವಿನ ಕಲಿಕೆಯು ಅದರ ಪೂರ್ವಾನುಭವದ ಮೇಲೆ... ಇಲ್ಲಿಗೆ ಪುಟ ಮುಗೀತು. ತಿರುಗಿಸ್ತೀನಿ, ಇರು."

"ಅವಲಂಬಿತವಾಗಿರುತ್ತದೆ," ಎನ್ನುತ್ತಾರೆ ಎದುರಿಗೆ ಕುಳಿತು ಬಟ್ಟೆಯ ಗಂಟು ಬಿಚ್ಚುತ್ತಿರುವ ಸೊಸೆ.

"ಪುಟ ತಿರುಗಿಸೋಕೆ ಮುಂಚೆನೇ ನಿನಗೆ ಹೇಗೆ ಗೊತ್ತಾಯ್ತು?"

"ಈ ಪುಸ್ತಕದಲ್ಲಿ ಎಲ್ಲಾ ವಾಕ್ಯನೂ ಹಾಗೇ ಮುಗಿಯೋದು, ಅತ್ತೆ. ನೀವು ಮುಂದೆ ಓದಿ."

ಬೀದಿಯವರಿಗೆ ಈ ಅತ್ತೆ ಇಸ್ತ್ರಿ ಅಮ್ಮ. ಸೊಸೆಗೆ ಮೂವತ್ತೈದರ ಆಸುಪಾಸು. ಎರಡೂ ಕಣ್ಣು ಕಾಣಿಸುವುದಿಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಸೊಸೆ ಓದಬೇಕು, ಆದ್ದರಿಂದ ಅತ್ತೆ ಓದುತ್ತಾರೆ. ಮೆಟ್ಟಿಲು ಇಳಿದು ಕೆಲಸಕ್ಕೆ ಹೊರಡುವವರ ಕಿವಿಗೆ ದಿನವೂ ಬಾಲವಿಕಾಸದ್ದೋ ಭಿನ್ನರಾಶಿಯದೋ ನಾಲ್ಕು ಮಾತು ಬಿದ್ದೇ ಬೀಳುತ್ತದೆ. ಮೂರನೇ ಮಹಡಿಯ ನರ್ಸ್ ಒಬ್ಬರು ನಗುತ್ತಾ ಹೇಳಿದರು: "ಇನ್ನೊಂದು ವರ್ಷ ಇಲ್ಲೇ ಬಾಡಿಗೆಗಿದ್ರೆ ನಾನೂ ಪಾಸಾಗ್ತೀನಿ."

ಸೊಸೆ ಮದುವೆಯಾಗಿ ಬಂದಾಗ ಕಣ್ಣು ಚೆನ್ನಾಗಿಯೇ ಇತ್ತು. ಶಿಕ್ಷಕರ ತರಬೇತಿ ಮುಗಿಸಿದ್ದರು. ಪರೀಕ್ಷೆ ಕಟ್ಟುವ ಹೊತ್ತಿಗೆ ಸಂಜೆಯ ಮೇಲೆ ದಾರಿ ಮಸುಕಾಗತೊಡಗಿತು, ಆಮೇಲೆ ಹಗಲಿನಲ್ಲೇ ಅಕ್ಷರಗಳು ಕರಗತೊಡಗಿದವು. ಕಣ್ಣಿನ ಒಳಪರದೆ ಸವೆಯುವ ಕಾಯಿಲೆ, ಇದಕ್ಕೆ ಮದ್ದಿಲ್ಲ ಎಂದರು ವೈದ್ಯರು. ಎರಡು ಮೂರು ವರ್ಷಗಳಲ್ಲಿ ಇದ್ದಬದ್ದ ಬೆಳಕೂ ಹೋಯಿತು. ಸರಕು ಲಾರಿ ಓಡಿಸುತ್ತಿದ್ದ ಗಂಡ ಮೊದಮೊದಲು ಆಸ್ಪತ್ರೆಗೆ ಜೊತೆಯಲ್ಲಿ ಬರುತ್ತಿದ್ದವನು, ಬರಬರುತ್ತಾ ಊರಿಗೆ ಬರುವುದನ್ನೇ ಕಡಿಮೆ ಮಾಡಿದ. ಕೊನೆಗೆ ದೂರದ ಊರಿನಲ್ಲಿ ನೆಲೆ ನಿಂತು, ಬೇರೆಯಾಗೋಣ ಎಂದು ಹೇಳಿ ಕಳಿಸಿದ. ಸೊಸೆ ಒಪ್ಪಿದರು. ನ್ಯಾಯಾಲಯದಲ್ಲಿ ಮದುವೆ ಮುರಿಯಿತು.

"ನನ್ನ ಮಗ ಕೆಟ್ಟೋನಲ್ಲ," ಎನ್ನುತ್ತಾರೆ ಇಸ್ತ್ರಿ ಅಮ್ಮ. ಈ ಮಾತಾಡುವಾಗ ಅವರು ಕೈಯಲ್ಲಿದ್ದ ಅಂಗಿಯಿಂದ ಕಣ್ಣು ಎತ್ತುವುದಿಲ್ಲ. "ಹೆದರಿಕೊಂಡ. ಹೆದರಿದೋರು ಓಡ್ತಾರೆ. ಬೈದೆ, ಬೇಡಿಕೊಂಡೆ, ಬರಲಿಲ್ಲ. ಈಗಲೂ ಫೋನ್ ಮಾಡ್ತಾನೆ, ಮಾತಾಡ್ತೀನಿ. ಹೆತ್ತಿದೀನಲ್ಲ. ಆದ್ರೆ ಅವನು ಬಿಟ್ಟ ಅಂತ ನಾನು ಇವಳನ್ನ ಬಿಡೋಕಾಗುತ್ತಾ?"

ಸೊಸೆಯ ಅಣ್ಣ ಕರೆದುಕೊಂಡು ಹೋಗಲು ಬಂದಿದ್ದರಂತೆ. ಹೋಗುವುದು ಬಿಡುವುದು ಅವಳಿಷ್ಟ, ಇರುತ್ತೇನೆಂದರೆ ಇದು ಅವಳದೇ ಮನೆ ಎಂದಷ್ಟೇ ಅತ್ತೆ ಹೇಳಿದರು. ಸೊಸೆ ಉಳಿದರು. ಯಾಕೆಂದು ನಾನು ಕೇಳಿದೆ. ಅವರು ಮಡಚುತ್ತಿದ್ದ ಚಾದರದ ಅಂಚುಗಳನ್ನು ಬೆರಳಲ್ಲೇ ಅಳೆದು ಸೇರಿಸುತ್ತಾ ಹೇಳಿದರು:

"ತವರಲ್ಲಿ ಎಲ್ರಿಗೂ ನನ್ನ ಮೇಲೆ ತುಂಬಾ ಪ್ರೀತಿ. ನೀರು ಬೇಕಂದ್ರೂ ಎದ್ದು ಹೋಗೋಕೆ ಬಿಡ್ತಿರಲಿಲ್ಲ. ಇಲ್ಲಿ ಕೋರ್ಟಿಂದ ಬಂದ ಮಾರನೇ ದಿನ ಬೆಳಿಗ್ಗೆನೇ ಅತ್ತೆ ಕರೆದ್ರು, ‘ಬಟ್ಟೆ ರಾಶಿ ಬಿದ್ದಿದೆ, ಮಡಚು ಬಾ’ ಅಂತ. ಅವತ್ತು ನನಗೆ ಉಸಿರು ಬಂದ ಹಾಗಾಯ್ತು."

ಈಗ ಸೊಸೆ ಕಾಲರಿನ ಗಡಸು, ಗುಂಡಿಯ ಗಾತ್ರ, ತೋಳಿನ ಹೊಲಿಗೆ ಮುಟ್ಟಿಯೇ ಯಾವ ಬಟ್ಟೆ ಯಾವ ಮನೆಯದು ಎಂದು ಹೇಳಬಲ್ಲರು. ದಿನಕ್ಕೆ ಎಂಬತ್ತು ತೊಂಬತ್ತು ಬಟ್ಟೆ ಆ ಮೇಜಿನ ಮೇಲೆ ಹಾದುಹೋಗುತ್ತವೆ. ಪೆಟ್ಟಿಗೆಯ ಭಾರಕ್ಕೆ ಇಸ್ತ್ರಿ ಅಮ್ಮನ ಬಲಗೈ ಮಣಿಕಟ್ಟು ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತದೆ. ಮುಂಗೈ ಮೇಲೆ ಹಳೆಯ ಸುಟ್ಟ ಕಲೆಗಳು ಒಂದರ ಮೇಲೊಂದು ಕೂತಿವೆ. ಕೇಳಿದರೆ, "ಕೈ ಅಂದ್ಮೇಲೆ ಇದ್ದಿದ್ದೇ," ಎಂದು ಮಾತು ತೇಲಿಸಿಬಿಡುತ್ತಾರೆ.

ಓದು ಶುರುವಾದದ್ದು ಒಂದು ಜಗಳದಿಂದ. ಸೊಸೆ ಫೋನಿನಿಂದ ಪಾಠ ಓದಿಸಿಕೊಂಡು ಕೇಳುತ್ತಿದ್ದರು. ಸ್ಪಷ್ಟವಾಗಿ ಅಚ್ಚಾದದ್ದನ್ನು ಅದು ಓದುತ್ತಿತ್ತು. ಮಸುಕಾದ ಮಾದರಿ ಪ್ರಶ್ನೆಗಳು ಬಂದಾಗ ಅಂಕೆ ಅಕ್ಷರ ಕಲಸಿ ಏನೇನೋ ಒದರುತ್ತಿತ್ತು. ಚಿತ್ರ ಬಂದರಂತೂ ಗಪ್‌ಚಿಪ್. ಒಂದು ಬೆಳಿಗ್ಗೆ ಸೊಸೆ ಫೋನನ್ನು ಬಟ್ಟೆಯ ಗಂಟಿನ ಮೇಲೆ ಎಸೆದರು. ಅತ್ತೆಗೆ ಸಿಟ್ಟು ಬಂತು. "ಅದರ ಮೇಲೆ ಯಾಕೆ ರೇಗ್ತೀಯ, ಪುಸ್ತಕ ಇಲ್ಲಿ ಕೊಡು," ಎಂದು ಕಸಿದುಕೊಂಡರು. ಕಸಿದುಕೊಂಡ ಮೇಲೆ ಓದಲೇಬೇಕಾಯಿತು.

ಅವರು ಕಲಿತದ್ದು ಏಳನೇ ತರಗತಿಯವರೆಗೆ. ಆಮೇಲೆ ಬಸ್ಸಿನ ಬೋರ್ಡು ಬಿಟ್ಟರೆ ಹೆಚ್ಚೇನೂ ಓದಿದವರಲ್ಲ. ಒತ್ತಕ್ಷರ ಬಂದ ಕಡೆಯೆಲ್ಲ ನಾಲಿಗೆ ಎಡವುತ್ತಿತ್ತು. "‘ಸಂಜ್ಞಾನಾತ್ಮಕ’ ಅನ್ನೋ ಪದ ದಾಟೋಕೆ ನನಗೆ ಒಂದು ವಾರ ಬೇಕಾಯ್ತು," ಎನ್ನುತ್ತಾರೆ. "ಅದರ ಅರ್ಥ ಕೇಳ್ಬೇಡಿ. ಬಾಯಿಗೆ ಬರುತ್ತೆ, ಅಷ್ಟೇ." ಪುಸ್ತಕದ ಜೊತೆ ಅವರ ವಾದವೂ ನಡೆಯುತ್ತದೆ. ಮಗು ತಪ್ಪು ಮಾಡಿದಾಗ ಶಿಕ್ಷಕರು ಏನು ಮಾಡಬೇಕು ಎಂಬ ಪ್ರಶ್ನೆಗೆ ಕೊಟ್ಟಿದ್ದ ನಾಲ್ಕೂ ಉತ್ತರ ಓದಿ, "ಎರಡೇಟು ಹಾಕ್ಬೇಕು ಅನ್ನೋದು ಒಂದರಲ್ಲೂ ಇಲ್ವಲ್ಲ," ಎಂದು ಬೇಸರಪಟ್ಟುಕೊಂಡಿದ್ದರಂತೆ. ರೇಖಾಗಣಿತದ ಚಿತ್ರ ಬಂದರೆ ಮಾತ್ರ ಅವರ ಕೈ ತಾನಾಗಿ ಮುಂದಾಗುತ್ತದೆ. ಕರವಸ್ತ್ರವನ್ನು ಮೂಲೆಯಿಂದ ಮೂಲೆಗೆ ಮಡಚಿ, ಇಸ್ತ್ರಿಯಿಂದ ಒಮ್ಮೆ ಒತ್ತಿ, ಬಿಸಿಯಾದ ತ್ರಿಕೋನವನ್ನು ಸೊಸೆಯ ಅಂಗೈಗೆ ಇಡುತ್ತಾರೆ.

ಮೊದಲ ಸಲ ಪರೀಕ್ಷೆಗೆ ಕೂತಾಗ, ಪ್ರಶ್ನೆ ಓದಿ ಉತ್ತರ ತುಂಬಿಕೊಡಲು ಪರೀಕ್ಷಾ ಕಚೇರಿಯವರೇ ಒಬ್ಬ ಕಾಲೇಜು ವಿದ್ಯಾರ್ಥಿನಿಯನ್ನು ಕೊಟ್ಟಿದ್ದರು. ಹುಡುಗಿಗೆ ಅವಸರ. ಉದ್ದದ ಪ್ರಶ್ನೆಗಳನ್ನು ಅರ್ಧಕ್ಕೆ ಓದಿ "ಗೊತ್ತಾಯ್ತಲ್ಲ?" ಎನ್ನುತ್ತಿದ್ದಳು. ಮತ್ತೊಮ್ಮೆ ಓದು ಎಂದರೆ ನಿಟ್ಟುಸಿರು ಬಿಡುತ್ತಿದ್ದಳು. ನಡುವೆ ಎಲ್ಲೋ ಒಂದು ಸಾಲು ಬಿಟ್ಟುಹೋಗಿ, ಅಲ್ಲಿಂದ ಕೆಳಗಿನ ಉತ್ತರಗಳೆಲ್ಲ ಒಂದೊಂದು ಮನೆ ಆಚೆ ಬಿದ್ದಿದ್ದವು. ಫಲಿತಾಂಶ ಬಂದ ಮೇಲೆ ಉತ್ತರ ಪತ್ರಿಕೆಯ ನಕಲು ತರಿಸಿ, ಬೀದಿ ಕೊನೆಯ ಔಷಧಿ ಅಂಗಡಿಯವರಿಂದ ನೋಡಿಸಿದಾಗ ಇದು ತಿಳಿಯಿತು.

"ಆ ಹುಡುಗಿಗೂ ಅವತ್ತು ಮಧ್ಯಾಹ್ನ ಬೇರೆ ಪರೀಕ್ಷೆ ಇತ್ತಂತೆ, ಪಾಪ," ಎನ್ನುತ್ತಾರೆ ಸೊಸೆ. ಹೀಗೆ ಹೇಳಲು ಅವರಿಗೆ ಬಹಳ ಕಾಲ ಹಿಡಿದಿರಬೇಕು. ಏಕೆಂದರೆ ಆಗ ಅವರು ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿಸಿದ್ದರು. "ಸಾಕು ಅತ್ತೆ, ಇನ್ನು ಇದರ ಸುದ್ದಿ ಬೇಡ," ಎಂದಿದ್ದರು.

ಇಸ್ತ್ರಿ ಅಮ್ಮ ಎದುರಾಡಲಿಲ್ಲ. ಚಳಿಗಾಲ ಕಳೆಯಿತು. ಒಂದು ಬೆಳಿಗ್ಗೆ ಅಟ್ಟದಿಂದ ಒಂದು ಪುಸ್ತಕ ಇಳಿಸಿ ತಂದು, ಕೆಂಡ ಹತ್ತುವಾಗ ತಮ್ಮ ಪಾಡಿಗೆ ತಾವು ಓದತೊಡಗಿದರು. ಸೊಸೆ ಕೇಳಿಸಿಕೊಳ್ಳದವರಂತೆ ಬಟ್ಟೆ ಮಡಚುತ್ತಿದ್ದರು. ಅತ್ತೆ ಒಂದು ಪದ ತಪ್ಪು ಓದಿದರು. ಇನ್ನೊಂದು. ಮತ್ತೊಂದು. ನಾಲ್ಕನೆಯದಕ್ಕೆ ಸೊಸೆಗೆ ತಡೆಯಲಾಗಲಿಲ್ಲ, ತಿದ್ದಿದರು. ತಿದ್ದಿದವರು ಮರುದಿನವೂ ತಿದ್ದಿದರು.

ಬೇಕೆಂದೇ ತಪ್ಪು ಓದಿದಿರಾ ಎಂದು ಕೇಳಿದೆ. ಇಸ್ತ್ರಿ ಅಮ್ಮ ಅಂಗಿಯ ತೋಳಿಗೆ ನೀರು ಚಿಮುಕಿಸುತ್ತಾ, "ಮೊದಲನೇ ದಿನ ಬೇಕಂತನೇ ಓದ್ದೆ," ಎಂದರು. "ಆಮೇಲೆ ಬೇಕಂತ ತಪ್ಪು ಓದೋ ಕಷ್ಟ ಬೀಳಲಿಲ್ಲ."

ಎರಡನೇ ಸಲ ಅರ್ಜಿ ಹಾಕುವಾಗ ಸೊಸೆ ಒಂದು ಷರತ್ತು ಇಟ್ಟರು: ಉತ್ತರ ತುಂಬುವವರು ಅತ್ತೆಯೇ ಆಗಬೇಕು. ಬೇರೆ ಯಾರ ಓದಿಗೂ ತಮ್ಮ ಕಿವಿ ಒಗ್ಗುವುದಿಲ್ಲ. ಅಭ್ಯರ್ಥಿಯೇ ಒಬ್ಬರನ್ನು ಕರೆತರಲು ನಿಯಮದಲ್ಲಿ ಅವಕಾಶವಿತ್ತು. ಅಭ್ಯರ್ಥಿಗಿಂತ ಕಡಿಮೆ ಓದಿದವರಾಗಿರಬೇಕು ಅಷ್ಟೇ ಎಂದು ಇಬ್ಬರೂ ತಿಳಿದಿದ್ದರು. ಪರೀಕ್ಷಾ ಕಚೇರಿಯ ಅಧಿಕಾರಿ ಕಾಗದಗಳನ್ನೆಲ್ಲ ನೋಡಿ, ಕೊನೆಗೆ ಕೇಳಿದರು: "ನಿಮ್ಮಿಬ್ಬರಿಗೂ ಏನು ಸಂಬಂಧ?"

"ಅತ್ತೆ," ಎಂದರು ಸೊಸೆ.

"ಹಾಗಾದ್ರೆ ಆಗಲ್ಲಮ್ಮ. ಸಂಬಂಧಿಕರು ಬರೆಯೋ ಹಾಗಿಲ್ಲ."

ಅಧಿಕಾರಿ ಒರಟರಲ್ಲ. ಇಬ್ಬರನ್ನೂ ಕೂರಿಸಿ, ಗಂಡನ ವಿವರ ಕೇಳಿದರು. ವಿಷಯ ಗೊತ್ತಾದ ಮೇಲೆ, "ಕೋರ್ಟ್ ಆದೇಶ ಇದ್ರೆ ಕಾನೂನಿನ ಪ್ರಕಾರ ಈಗ ನೀವಿಬ್ಬರೂ ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಹಾಗಂತ ಉತ್ತರ ತುಂಬೋ ಇವರು ನನ್ನ ಮುಂದೆ ಹೇಳಿ, ಸಹಿ ಹಾಕಿದ್ರೆ ಒಪ್ಪಿಗೆ ಕೊಡ್ತೀನಿ," ಎಂದರು. ಆದೇಶದ ಪ್ರತಿ ಸೊಸೆಯ ಚೀಲದಲ್ಲೇ ಇತ್ತು.

ಆ ಕ್ಷಣವನ್ನು ಇಸ್ತ್ರಿ ಅಮ್ಮ ಹೀಗೆ ಹೇಳಿದರು: "ಸುಳ್ಳು ಹೇಳಿ ಅಂತ ಅವರೇನೂ ಹೇಳಲಿಲ್ಲ. ಕಾಗದದಲ್ಲಿ ಇದ್ದಿದ್ದನ್ನೇ ಹೇಳಿ ಅಂದ್ರು. ಆದ್ರೂ ಬಾಯಿ ಕಟ್ಟಿಹೋಯ್ತು. ಪಕ್ಕದಲ್ಲೇ ಕೂತಿದ್ದಾಳೆ. ಅವಳಿಗೆ ನನ್ನ ಮುಖ ಕಾಣಲ್ಲ, ಮಾತು ಮಾತ್ರ ಕೇಳುತ್ತೆ. ಮುಖ ಕಂಡಿದ್ರೆ ಅದರಲ್ಲಾದ್ರೂ ಏನೋ ಹೇಳ್ಬಹುದಿತ್ತು. ಕೊನೆಗೆ ಹೇಳಿದೆ. ಇವಳು ನನಗೆ ಏನೂ ಆಗಬೇಕಿಲ್ಲ ಅಂತ. ಸಹಿ ಹಾಕಿದೆ."

ಇಬ್ಬರೂ ಬಸ್ಸು ಹಿಡಿದು ಮನೆಗೆ ಬಂದರು. ಈ ಭಾಗವನ್ನು ನನಗೆ ಹೇಳಿದವರು ಸೊಸೆ. "ಕೋರ್ಟಲ್ಲಿ ಜಡ್ಜು ಓದಿ ಹೇಳಿದಾಗ ನನಗೆ ಅಳು ಬಂದಿರಲಿಲ್ಲ," ಎಂದರು. "ಅತ್ತೆ ಹೇಳಿದಾಗ ಬಂತು. ಅವರ ದನಿ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ಕಷ್ಟದ ಪದ ಓದಿದಾರೆ, ಒಂದಕ್ಕೂ ಹಾಗೆ ನಡುಗಿರಲಿಲ್ಲ. ಮನೆಗೆ ಬಂದು ಅವರ ಕೈ ಹಿಡ್ಕೊಂಡೆ. ‘ಊಟಕ್ಕೆ ಏನು ಮಾಡ್ಲಿ’ ಅಂತ ಕೇಳಿದ್ರು. ಅಷ್ಟೇ ಮಾತು."

ಪರೀಕ್ಷೆಯ ದಿನ ಇವರಿಬ್ಬರಿಗೆ ಬೇರೆ ಕೋಣೆ. ಮೇಲ್ವಿಚಾರಕಿಯೊಬ್ಬರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಸ್ತ್ರಿ ಅಮ್ಮ ಪ್ರತಿ ಪ್ರಶ್ನೆಯನ್ನೂ ನಾಲ್ಕು ಉತ್ತರಗಳ ಸಮೇತ ಓದುವುದು. ಸೊಸೆ ಒಂದೋ ಎರಡೋ ಎನ್ನುವುದು. ಇವರು ಉತ್ತರ ಪತ್ರಿಕೆಯಲ್ಲಿ ಆ ಸಂಖ್ಯೆಯ ಸೊನ್ನೆಯನ್ನು ಪೆನ್ನಿನಿಂದ ಕಪ್ಪು ಮಾಡುವುದು. ಸಾಲು ತಪ್ಪಬಾರದೆಂದು ಎಡಗೈಯ ತೋರುಬೆರಳನ್ನು ಸಾಲಿನ ಮೇಲೇ ಇಟ್ಟುಕೊಂಡಿದ್ದರಂತೆ. ಮುಗಿಯುವ ಹೊತ್ತಿಗೆ ಗಂಟಲು ಕಟ್ಟಿ ಪಿಸುಮಾತಷ್ಟೇ ಉಳಿದಿತ್ತು. ಮೇಲ್ವಿಚಾರಕಿಯೇ ಎದ್ದು ಹೋಗಿ ನೀರು ತಂದುಕೊಟ್ಟರು.

ಸೊಸೆ ಪಾಸಾದರು. ಭಾರೀ ಅಂಕಗಳೇನಲ್ಲ, ಗೆರೆ ದಾಟಿ ನಾಲ್ಕು ಹೆಜ್ಜೆ. ಈಗ ಎರಡು ಬೀದಿ ಆಚೆಯ ಶಾಲೆಯಲ್ಲಿ ಮೂರನೇ ತರಗತಿಗೆ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದಾರೆ. ಮಕ್ಕಳು ಕೈ ಎತ್ತುವ ಬದಲು ಹೆಸರು ಹೇಳಿ ಮಾತಾಡುವುದನ್ನು ಕಲಿತಿದ್ದಾರೆ. ಬೆಳಿಗ್ಗೆ ಮೆಟ್ಟಿಲ ಕೆಳಗೆ ಸಾಗುತ್ತಿರುವ ಓದು ದೊಡ್ಡ ತರಗತಿಗಳಿಗೆ ಬೇಕಾದ ಮುಂದಿನ ಪರೀಕ್ಷೆಗಾಗಿ. ಅದು ಆದರೆ ಕೆಲಸ ಕಾಯಂ ಆಗುವ ಆಸೆ ಇದೆ.

ಬೀದಿಯಲ್ಲಿ ಒಂದು ಗುಸುಗುಸು ಇಲ್ಲದಿಲ್ಲ. ಅಷ್ಟೊಂದು ಸಲ ಓದಿ ಓದಿ ಅತ್ತೆಗೇ ಎಲ್ಲ ಬಾಯಿಪಾಠ ಆಗಿತ್ತು, ಉತ್ತರ ಆಕೆಯೇ ತುಂಬಿರಬೇಕು ಎನ್ನುವವರಿದ್ದಾರೆ. ಕೇಳಲೋ ಬೇಡವೋ ಎಂದುಕೊಂಡೇ ಈ ಮಾತನ್ನು ಅವರ ಮುಂದಿಟ್ಟೆ. ಇಸ್ತ್ರಿ ಅಮ್ಮ ಸಿಟ್ಟಾಗಲಿಲ್ಲ. ಪೆಟ್ಟಿಗೆಯನ್ನು ಅದರ ಕಬ್ಬಿಣದ ಮಣೆಯ ಮೇಲಿಟ್ಟು, ಮೊದಲ ಬಾರಿಗೆ ಕೆಲಸ ನಿಲ್ಲಿಸಿ ಮಾತಾಡಿದರು.

"ಎರಡು ಪ್ರಶ್ನೆ ಬಂದವು. ಅವಳು ಹೇಳಿದ್ದು ತಪ್ಪು ಅಂತ ನನಗನ್ನಿಸ್ತು. ಕೈ ನಿಂತುಹೋಯ್ತು. ಇನ್ನೊಂದ್ಸಲ ಓದ್ಲಾ ಅಂತ ಕೇಳಿದ್ರೂ ಸಾಕು, ನನ್ನ ದನಿಯಲ್ಲೇ ಅವಳಿಗೆ ಗೊತ್ತಾಗ್ಬಿಡುತ್ತೆ. ಅದಕ್ಕೇ ಕೇಳಲೂ ಇಲ್ಲ. ಅವಳು ಹೇಳಿದ ಸೊನ್ನೆನೇ ಕಪ್ಪು ಮಾಡ್ದೆ."

"ಸಂಜೆ ಮನೆಗೆ ಬಂದ ಮೇಲೆ ನನಗೂ ಹೇಳಿದ್ರು," ಎಂದು ಸೊಸೆ ನಕ್ಕರು. "ಸರಿ ಉತ್ತರಗಳ ಪಟ್ಟಿ ಹೊರಗೆ ಬಂದಾಗ ನೋಡಿಸಿದ್ವಿ. ಒಂದರಲ್ಲಿ ನಾನು ಸರಿ, ಒಂದರಲ್ಲಿ ಅತ್ತೆ ಸರಿ."

ಆ ಒಂದು ಅಂಕ ಕೈತಪ್ಪಿದ್ದಕ್ಕೆ ಬೇಜಾರಾಗಲಿಲ್ಲವೇ ಎಂದು ಕೇಳಿದೆ.

"ಬೇಜಾರ್ಯಾಕೆ?" ಎಂದರು ಇಸ್ತ್ರಿ ಅಮ್ಮ, ಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾ. "ಅವಳು ಟೀಚರ್ ಆಗಿರೋದು ಅವಳ ಮಾರ್ಕ್ಸಲ್ಲಿ. ನನ್ನದು ಒಂದೂ ಅದರಲ್ಲಿಲ್ಲ."