ಆರಾಮ ಅನ್ನಗೊಡದ ಕಾಕು

ಕಾಕುವಿನ ಎಡಗಿವಿಯ ಹಾಲೆ ಹರಿದಿತ್ತು. ಸಣ್ಣವರಿದ್ದಾಗ ಭಾರದ ಓಲೆ ಹಾಕಿ ಹರಿದದ್ದನ್ನು ಯಾರೋ ಹೊಲಿದಿದ್ದರಂತೆ. ಹೊಲಿಗೆ ಕೂಡಲಿಲ್ಲ, ಹಾಲೆ ಎರಡು ಸೀಳಾಗಿ ಜೋತುಬಿದ್ದಿತ್ತು. ಯಾರಾದರೂ ಮಾತಾಡುವಾಗ ಅವರು ಕಣ್ಣು ಮುಚ್ಚಿ, ತಲೆಯನ್ನು ಆ ಕಿವಿಯ ಕಡೆಗೆ ವಾಲಿಸಿ ಕೇಳುತ್ತಿದ್ದರು. ಹಣೆಯ ಮೇಲೆ ವಿಭೂತಿ, ತಲೆ ತುಂಬ ಸೆರಗು, ಮುಚ್ಚಿದ ಕಣ್ಣು. ಹೊಸಬರು ನೋಡಿದರೆ ಈಕೆಗೆ ತೂಕಡಿಕೆ ಹತ್ತಿದೆ ಅಂದುಕೊಳ್ಳಬೇಕು. ಎಲ್ಲಿಯ ತೂಕಡಿಕೆ! ಅವರಷ್ಟು ಎಚ್ಚರವಾಗಿ ಇನ್ನೊಬ್ಬರ ಮಾತು ಕೇಳಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಅವರದು ಮೂಡಲಗಿಯ ಬಸ್ ನಿಲ್ದಾಣದ ಹತ್ತಿರ ಒಂದು ಟೆಲಿಫೋನ್ ಬೂತ್. ಮೊಬೈಲ್ ಇನ್ನೂ ಎಲ್ಲರ ಕಿಸೆಗೆ ಬಂದಿರದ ಕಾಲ. ಗಂಡ ತೀರಿಕೊಂಡ ಮೇಲೆ ಬೂತು ಹಾಕಿ, ಮಗನನ್ನು ಓದಿಸುತ್ತಿದ್ದರು. ಬೂತಿನ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಊರಿನ ಶಾಲೆಗೆ ಹೊಸದಾಗಿ ಬಂದ ಕನ್ನಡ ಶಿಕ್ಷಕಿ ನಾನು. ನಮಗೇನೂ ಬಳಗವಲ್ಲ, ಆದರೆ ಊರಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ, ನನಗೂ ಕಾಕು. ಶಿಕ್ಷಕಿಯಾದ ನಾನು ಅವರಿಗೆ ಅಕ್ಕೋರು.

ಭಾಷೆಯ ವಿಷಯದಲ್ಲಿ ನಾನೂ ಸಿಡುಕಿಯೇ. "ರಿಟರ್ನ್ ವಾಪಸ್ ಬಂದ್ನಿ", "ನಡು ಸೆಂಟರಿನಾಗ ನಿಂತಾನ" ಎಂಬಂಥ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಮಾತಿಗೊಮ್ಮೆ "ಬಟ್" ಹಾಕುವವರನ್ನು ಬೆಂಚಿನ ಮೇಲೆ ನಿಲ್ಲಿಸಬೇಕು ಅನ್ನಿಸುತ್ತದೆ. ಸಂಜೆ ಶಾಲೆಯಿಂದ ಬಂದು ಬೂತಿನಲ್ಲಿ ಕುಳಿತು ಇದನ್ನೆಲ್ಲ ಹೇಳಿಕೊಂಡು ಕುದಿಯುತ್ತಿದ್ದೆ. ಕಾಕು ಕಣ್ಣು ಮುಚ್ಚಿಕೊಂಡೇ ಕೇಳಿ, "ಬಟ್ ಅಂದ್ರ ಯಾರರೆ ಸಾಯ್ತಾರೇನ ಅಕ್ಕೋರ?" ಅಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಅವರಿಗೆ ಆಗದಿದ್ದದ್ದು ಒಂದೇ ಒಂದು ಮಾತು: ಆರಾಮ. ನಮ್ಮ ಕಡೆ ಇಬ್ಬರು ಎದುರಾದರೆ ಮಾತು ಶುರುವಾಗುವುದೇ ಅದರಿಂದ. "ಆರಾಮ್ರಿ?" ಅಂದರೆ "ಆರಾಮ್ರಿ" ಅನ್ನಬೇಕು. ಅಷ್ಟಕ್ಕೆ ಮುಗಿಯಿತು, ಕೇಳಿದವರಿಗೂ ಹೇಳಿದವರಿಗೂ ಅದು ನೆನಪಿರುವುದಿಲ್ಲ. ಆದರೆ ಕಾಕುವಿನ ಮುಂದೆ ಆ ಮಾತು ಅಂದು ನೋಡಬೇಕಿತ್ತು. "ಆರಾಮ ಅಂದ್ರ ಮಾತ ಅಲ್ಲ, ಬಾಗಲಾ ಹಾಕ್ಕೊಂಡಂಗ. ಮುಂದ ಏನ ಕೇಳೋದು? ಸರಿಯಾಗಿ ಹೇಳು" ಎಂದು ಹರಿಹಾಯುತ್ತಿದ್ದರು. ತಾವಂತೂ ಯಾರನ್ನೂ ಹಾಗೆ ಕೇಳುತ್ತಿರಲಿಲ್ಲ. ಅವರ ಪ್ರಶ್ನೆಗಳೇ ಬೇರೆ. "ಮುಂಜಾನಿ ಏನ ತಿಂದಿ?" "ರಾತ್ರಿ ನಿದ್ದಿ ಹತ್ತಿತೇನ?" "ಮಗ ಮಾತಾಡತಾನೋ ಇನ್ನೂ ಸಿಟ್ಟ ಮಾಡ್ಯಾನೋ?" ಇಂಥದಕ್ಕೆ ಆರಾಮ ಅಂದು ಪಾರಾಗಲು ಬರುವುದಿಲ್ಲ. ಕೆಲವರಿಗೆ ಇದು ಹಿಡಿಸುತ್ತಿರಲಿಲ್ಲ. ಫೋನ್ ಮಾಡಲು ಬಂದವರನ್ನು ಈ ಹೆಂಗಸು ಪೊಲೀಸರ ಹಾಗೆ ವಿಚಾರಿಸುತ್ತಾಳೆ ಎಂದು ಬೈದುಕೊಂಡು ಎದುರಿನ ಬೂತಿಗೆ ಹೋಗುತ್ತಿದ್ದರು.

ಕಾಕುವಿನ ಬೂತಿನ ಗಾಜಿನ ಬಾಗಿಲು ಪೂರ್ತಿ ಹಾಕಿಕೊಳ್ಳುತ್ತಿರಲಿಲ್ಲ. ಒಳಗೆ ಆಡಿದ್ದೆಲ್ಲ ಹೊರಗೆ ಕೇಳಿಸುತ್ತಿತ್ತು. ಒಬ್ಬ ಹುಡುಗ ಅಲ್ಲೇ ನಿಂತು ಬೆಳಗಾವಿಗೆ ಫೋನ್ ಹಚ್ಚಿ, ಬಸ್ಸನ್ನೇ ಹತ್ತದೆ, "ಅಂಕಲಗಿ ದಾಟೇನಿ, ಬಂದ ಬಿಟ್ನಿ" ಅಂದದ್ದು ನೆನಪಿದೆ. ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಂದ ಚಹಾ ಕುಡದ ಹೋಗಪಾ, ಹೆಂಗೂ ಅಂಕಲಗಿ ದಾಟೀದಿ." ಇಂಥ ಸುಳ್ಳುಗಳು ಅವರಿಗೆ ಸುಳ್ಳೇ ಅಲ್ಲ. ಆದರೆ ಯಾರೋ ಮೂಗು ಸೇದುತ್ತ, ಅಂಗೈಯಿಂದ ಕಣ್ಣು ಒರೆಸಿಕೊಳ್ಳುತ್ತ "ನಾ ಆರಾಮ ಅದೇನಿ, ನೀವು ಚಿಂತಿ ಮಾಡಬ್ಯಾಡ್ರಿ" ಅಂದಾಗ ಕಾಕುವಿನ ಮುಖ ಬಿಗಿಯುತ್ತಿತ್ತು. ಫೋನ್ ಮಾಡಿದವರು ಹೊರಗೆ ಬಂದ ಕೂಡಲೇ ತಂಬಿಗೆ ನೀರು ಕೊಟ್ಟು, "ಕುಂಡ್ರು. ಅವರಿಗಂತೂ ಹೇಳಲಿಲ್ಲ, ನನಗರೆ ಹೇಳು" ಅನ್ನುತ್ತಿದ್ದರು. ಹೇಳಿದವರು ಬಹಳ ಜನ.

ಮೂಡಲಗಿಗೆ ಬಂದ ಮರುವರ್ಷ ನಾನು ಬಸಿರಾದೆ. ಮೂರು ತಿಂಗಳಿಗೆ ಅದು ನಿಲ್ಲದೆ ಹೋಯಿತು. ನನ್ನ ಗಂಡನಿಗೆ ಕೆಲಸ ದೂರದ ಊರಲ್ಲಿ. ಬಂದು, ಕೆಲವು ದಿನ ಇದ್ದು, ರಜೆ ಮುಗಿಯಿತೆಂದು ಹೋದರು. ಕಾಕು ಬಿಸಿ ನುಚ್ಚು, ಸಾರು ತಂದು ಕೋಣೆಯಲ್ಲಿಟ್ಟು ಹೋಗುತ್ತಿದ್ದರು. ನಾನು ಮುಟ್ಟುತ್ತಿರಲಿಲ್ಲ. ಹತ್ತರಗಿಯಲ್ಲಿದ್ದ ಅವ್ವನಿಗೆ ಇದನ್ನು ತಿಳಿಸಿರಲಿಲ್ಲ. ಬಸಿರಾದ ಸುದ್ದಿ ಕೇಳಿ ಅವಳು ಓಣಿಗೆಲ್ಲ ಸಕ್ಕರೆ ಹಂಚಿದ್ದಳು, ಅಂಥವಳಿಗೆ ಯಾವ ಬಾಯಿಂದ ಹೇಳಲಿ. ರವಿವಾರ ಎಂದಿನಂತೆ ಬೂತಿಗೆ ಹೋಗಿ, ನಮ್ಮ ನೆರೆಮನೆಗೆ ಫೋನ್ ಹಚ್ಚಿ ಅವ್ವನನ್ನು ಕರೆಸಿದೆ.

"ಆರಾಮ ಅದಿ?" ಅಂದಳು ಅವ್ವ.

"ಆರಾಮ ಅದೇನವ್ವಾ" ಅಂದೆ.

ಗಾಜಿನ ಬಾಗಿಲು ತೆರೆಯಿತು. ಕಾಕು ಒಳಗೆ ಬಂದು ರಿಸೀವರನ್ನು ನನ್ನ ಕೈಯಿಂದ ಕಸಿದುಕೊಂಡರು. "ಅಕ್ಕಾರ, ನಾ ಬೂತಿನಾಕಿ ಮಾತಾಡಾಕತ್ತೇನಿ. ನಿಮ್ಮ ಮಗಳು ಆರಾಮ ಇಲ್ಲ. ಬಸರ ಹೋಗೇತಿ. ಉಣ್ಣವಲ್ಲಳು, ಮಕ್ಕೊಳ್ಳವಲ್ಲಳು. ಮುಂಜಾನಿ ಮೊದಲನೇ ಬಸ್ಸಿಗೆ ಬರ್ರಿ." ಅಷ್ಟು ಹೇಳಿ ರಿಸೀವರ್ ಇಟ್ಟುಬಿಟ್ಟರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನನ್ನ ಮನಿ ಸುದ್ದಿ ಹೇಳಾಕ ನೀವ ಯಾರ್ರಿ?" ಎಂದು ನಿಲ್ದಾಣದ ಜನ ತಿರುಗಿ ನೋಡುವಂತೆ ಕೂಗಾಡಿದೆ.  ಮರುದಿನ ಗೋಕಾಕದಲ್ಲಿ ಬಸ್ಸು ಬದಲಿಸಿ ಅವ್ವ ಬಂದಳು. ಕೈಯಲ್ಲಿ ರೊಟ್ಟಿಯ ಗಂಟಿತ್ತು. ಅವಳನ್ನು ಕಂಡದ್ದೇ ತಡ, ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದಿದ್ದ ನಾನು ಅವಳ ಮಡಿಲಲ್ಲಿ ಬಿದ್ದು ಅತ್ತೆ. ಅವ್ವನೂ ಅತ್ತಳು. ಆಮೇಲೆ ರೊಟ್ಟಿ ಮುರಿದು ಉಣ್ಣಿಸಿದಳು.

ಸಂಜೆ ಅವ್ವ ನನ್ನನ್ನು ಎಳೆದುಕೊಂಡು ಹೋಗಿ ಕಾಕುವಿನ ಮುಂದೆ ಕೂಡಿಸಿದಳು. ನಾನು ಮುಖ ಗಂಟು ಹಾಕಿಕೊಂಡೇ ಇದ್ದೆ. ಆಗ ಕಾಕು ಅವ್ವನ ಕಡೆ ನೋಡಿ ಹೇಳಿದರು.

"ನನಗೂ ಒಬ್ಬಾಕಿ ಮಗಳಿದ್ಲರಿ, ಅಕ್ಕಾರ. ಹುಕ್ಕೇರಿಗೆ ಕೊಟ್ಟಿದ್ನಿ. ಚೊಚ್ಚಲ ಬಸರಿ. ವಾರಕ್ಕೊಮ್ಮೆ ಇದ ಫೋನಿಗೆ ಮಾತಾಡ್ತಿದ್ಲು. ಆರಾಮ ಅದಿಯೇನವಾ ಅಂತಿದ್ನಿ. ಆರಾಮ ಅದೇನಬೇ ಅಂತಿದ್ಲು. ಮೈಯಾಗ ರಕ್ತ ಇರಲಿಲ್ಲ ಅಂತ, ಮೆಟ್ಟಲಾ ಹತ್ತಿದ್ರ ತೇಕ ಹತ್ತತಿತ್ತಂತ. ಅವ್ವ ಒಬ್ಬಾಕಿನ ದುಡಿಯಾಕಿ, ಚಿಂತಿ ಮಾಡ್ತಾಳ ಅಂತ ಹೇಳಲಿಲ್ಲ. ನಾ ಹೋಗೋದ್ರಾಗ ಕೂಸೂ ಇಲ್ಲ, ಆಕಿನೂ ಇಲ್ಲ." ಅವರು ಫೋನಿನ ಕಡೆ ನೋಡಿದರು. "ಇಡೀ ಊರಿನ ಆರಾಮ ಸುಳ್ಳ ಅಂತ ನನಗ ಇಲ್ಲೇ ಕುಂತು ತಿಳೀತಿತ್ತರಿ. ನನ್ನ ಮಗಳದಷ್ಟ ತಿಳೀಲಿಲ್ಲ."

ಅವ್ವ ಅವರ ಕೈ ಹಿಡಿದುಕೊಂಡಳು. ನನ್ನ ಸಿಟ್ಟು ಎಲ್ಲಿ ಹೋಯಿತೋ.

ಮುಂದೆ ನನಗೆ ಗೋಕಾಕಕ್ಕೆ ವರ್ಗವಾಯಿತು. ಗಂಡನಿಗೂ ಅಲ್ಲಿಗೇ ಬಂತು, ಒಬ್ಬ ಮಗಳು ಹುಟ್ಟಿದಳು. ಮೊಬೈಲ್ ಬಂದು ಬೂತಿಗೆ ಬೀಗ ಬಿತ್ತು. ಮಗ ಕೊಣ್ಣೂರಿನಲ್ಲಿ ಮನೆ ಮಾಡಿ ಕಾಕುವನ್ನು ಕರೆದೊಯ್ದ. ನಾವಿಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದೆವು. ಕಾಕುವನ್ನು ಹೇಗಿದ್ದೀರಿ ಎಂದು ಕೇಳಿದರೆ ಪುರಸೊತ್ತು ಮಾಡಿಕೊಂಡೇ ಕೇಳಬೇಕು. ಮಂಡಿ, ಸೊಂಟ, ಹೊಟ್ಟೆ, ಸೊಸೆ ಸಾರಿಗೆ ಹಾಕಿದ ಉಪ್ಪು, ಒಂದನ್ನೂ ಬಿಡುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ, "ಈಗ ನೀ ಹೇಳು, ಪೂರಾ ಹೇಳು" ಅನ್ನುತ್ತಿದ್ದರು. ನಾನೂ ಪೂರಾ ಹೇಳುತ್ತಿದ್ದೆ. ಗಂಡನಿಗೆ ಹೇಳದ್ದು, ಅವ್ವನಿಗೆ ಹೇಳದ್ದು ಎಷ್ಟೋ ಅವರ ಕಿವಿಗೆ ಬಿದ್ದಿವೆ.

ಹೋದ ಚಳಿಗಾಲ ಮಗ ಫೋನ್ ಮಾಡಿದ. "ಅವ್ವ ನಿಮ್ಮನ್ನ ಕೇಳಾಕತ್ತಾಳ್ರಿ." ಹೋದೆ. ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಬಾಗಿಲಲ್ಲೇ ಅವನು ನನ್ನನ್ನು ತಡೆದು ಮೆಲ್ಲಗೆ ಹೇಳಿದ. "ಹೊಟ್ಟ್ಯಾಗ ಗಡ್ಡಿ ಐತ್ರಿ. ಇನ್ನ ನಮ್ಮ ಕೈಯಾಗ ಏನಿಲ್ಲ, ಮನೀಗೆ ಒಯ್ರಿ ಅಂದಾರ ಡಾಕ್ಟರು. ಅವ್ವಗ ಹೇಳಿಲ್ರಿ. ಆರಾಮ ಆಗ್ತಿ ಅಂತ ಹೇಳೇವಿ. ನೀವೂ ಹಂಗ ಹೇಳ್ರಿ, ಕೈ ಮುಗೀತೇನಿ." ಅವನ ಕಣ್ಣು ಕೆಂಪಾಗಿದ್ದವು. ಯಾವ ಮಾತಿಗಾಗಿ ತಾಯಿ ಊರನ್ನೇ ಬೈಯುತ್ತಿದ್ದಳೋ ಆ ಮಾತನ್ನೇ ಅವನು ಬೇಡುತ್ತಿದ್ದ. ಅವನ ಮೇಲೆ ಸಿಟ್ಟಾಗಲು ನನಗೆ ಮನಸ್ಸು ಬರಲಿಲ್ಲ.

ಒಳಗೆ ಬಂಧುಗಳು ಕಾಕುವಿನ ಸುತ್ತ ಕುಳಿತಿದ್ದರು. "ಏನಾಗೇತಿ ನಿಮಗ, ಯುಗಾದಿಗೆ ಎದ್ದ ಹೋಳಿಗಿ ಮಾಡ್ತೀರಿ." "ಆರಾಮ ಆಗ್ತೀರಿ, ಆರಾಮ ಆಗ್ತೀರಿ." ಕಾಕು ಕಣ್ಣು ಮುಚ್ಚಿದ್ದರು. ದಿಂಬಿನ ಮೇಲೆ ತಲೆ ಹರಿದ ಕಿವಿಯ ಕಡೆಗೆ ವಾಲಿತ್ತು. ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

ಬಂದವರು ಚಹಾಕ್ಕೆ ಎದ್ದುಹೋದರು. ಕಾಕು ಕಣ್ಣು ತೆರೆಯದೆ ಅಂದರು: "ಎಲ್ಲಾರೂ ಬಾಗಲಾ ಹಾಕ್ಕೊಂಡ ಹೊಂಟಾರ. ಅಕ್ಕೋರ, ನೀ ಹೇಳು. ನಾ ಇದರಾಗಿಂದ ಏಳತೇನೇನ?"

ಹೊಸ್ತಿಲಲ್ಲಿ ಮಗ ನಿಂತಿದ್ದ. ಆ ಮೂರಕ್ಷರ ನನ್ನ ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ಅಂದುಬಿಟ್ಟಿದ್ದರೆ ಯಾರೂ ನನ್ನದು ತಪ್ಪು ಅನ್ನುತ್ತಿರಲಿಲ್ಲ. ಕಾಕುವನ್ನು ಬಿಟ್ಟು.

"ಇಲ್ಲ ಕಾಕು" ಅಂದೆ. "ಏಳಂಗಿಲ್ಲ."

ಮಗ ಗೋಡೆಗೆ ಮುಖ ತಿರುಗಿಸಿದ. ಕಾಕು ಕಣ್ಣು ತೆರೆದು ಬಹಳ ಹೊತ್ತು ಜಂತಿ ನೋಡಿದರು. 

"ನನಗ ಅಂಜಿಕಿ ಬರಾಕತ್ತೈತಿ" ಅಂದರು.

ಅಷ್ಟು ದಿನ ಆ ಮಾತು ಆಡಲು ಅವರಿಗೆ ಯಾರೂ ಜಾಗ ಕೊಟ್ಟಿರಲಿಲ್ಲ. ನಾನು ಕೈ ಹಿಡಿದುಕೊಂಡೆ. ಮಗ ಬಂದು ಹಾಸಿಗೆಯ ಅಂಚಿನಲ್ಲಿ ತಲೆಯಿಟ್ಟು ಬಿಕ್ಕಿದ. ಅವನ ಕೂದಲಲ್ಲಿ ಬೆರಳಾಡಿಸುತ್ತ ಕಾಕು, "ಅಳು ನನ್ನಪ್ಪಾ, ಅಳು. ಹಿತ್ತಲಕ ಹೋಗಿ ಅಳಬ್ಯಾಡ" ಅಂದರು. ಆಮೇಲೆ ತೀರಿಹೋದ ಮಗಳ ಮಾತು ತೆಗೆದರು. ದೀಪ ಹಚ್ಚುವ ತನಕ ಅದೇ ಮಾತು. "ಆಕಿಗೂ ಅಂಜಿಕಿ ಬಂದಿರಬೇಕು. ಯಾರ ಮುಂದ ಹೇಳಿದ್ಲೋ ಏನೋ" ಅಂದರು.

ಯುಗಾದಿ ಇನ್ನೂ ದೂರವಿರುವಾಗಲೇ ಕಾಕು ಹೋದರು. ಕೊನೆಗೆ ಮಗ ಪಕ್ಕದಲ್ಲೇ ಇದ್ದನಂತೆ, ಅಂಜಿಕೆ ಬಂದಾಗೆಲ್ಲ ಹೇಳುತ್ತಿದ್ದರಂತೆ. ನನಗೆ ಅಷ್ಟೇ ಸಮಾಧಾನ. ಮಣ್ಣು ಕೊಟ್ಟು ಗೋಕಾಕಕ್ಕೆ ಬಂದು, ಸ್ನಾನ ಮಾಡಿ, ಕತ್ತಲಾದರೂ ದೀಪ ಹಾಕದೆ ಕುಳಿತಿದ್ದೆ. ಗಂಡ "ಊಟಕ್ಕೇಳು" ಅಂದರೆ ಏಳಲಿಲ್ಲ. ಆಗ ಹತ್ತರಗಿಯಿಂದ ಅವ್ವನ ಫೋನ್ ಬಂತು. ಅವಳಿಗೆ ಕಾಕುವಿನ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಎಪ್ಪತ್ತು ದಾಟಿದ್ದಾಳೆ, ದಿನಾ ಸಂಜೆ ಫೋನ್ ಮಾಡುತ್ತಾಳೆ, ದಿನಾ ಅದೇ ಮಾತು.

"ಆರಾಮ ಅದಿ?"

"ಇಲ್ಲವ್ವಾ" ಅಂದೆ. "ಆರಾಮ ಇಲ್ಲ. ಕಾಕು ಹೋದ್ರು."

ಅತ್ತ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಮುಂಜಾನಿ ಮೊದಲನೇ ಬಸ್ಸಿಗೆ ಬರ್ಲೇನ?" ಅಂದಳು.

"ಬಾ" ಅಂದೆ.