ಎಂಜಲು ಕೈ ಮತ್ತು ರಬ್ಬರ್ ಬ್ಯಾಂಡು

ನಿಮ್ಮ ಹಲ್ಲು ಎಷ್ಟು ಸಾಲಾಗಿವೆ ಎಂದು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೊಗಳಿದವರ ಮೇಲಲ್ಲ, ನನ್ನ ಮೇಲೆ.

ಅರವತ್ತರ ದಶಕದಲ್ಲಿ ಬಸವನಗುಡಿಯ ವಠಾರ ಬಿಟ್ಟು ಜಯನಗರದ ಹೊಸ ಮನೆಗೆ ಬಂದಾಗ ನನಗೆ ಹದಿಮೂರು. ಮೇಲಿನ ಹಲ್ಲು ಎಷ್ಟು ಮುಂದಿದ್ದವೆಂದರೆ ತುಟಿ ಮುಚ್ಚುತ್ತಿರಲಿಲ್ಲ. ಚಕ್ಕುಲಿಯನ್ನು ದವಡೆಗೆ ತುರುಕಿಯೇ ಕಡಿಯಬೇಕಿತ್ತು. ಅಪ್ಪ ಯಾರ್ಯಾರನ್ನೋ ವಿಚಾರಿಸಿ, ಪರದೇಶದಲ್ಲಿ ಓದಿ ಬಂದಿದ್ದ ಡಾಕ್ಟರೊಬ್ಬರಿಂದ ನನ್ನ ಹಲ್ಲಿಗೆ ತಂತಿ ಕಟ್ಟಿಸಿದರು. ತಂತಿಯ ಜೊತೆಗೆ ಪುಟ್ಟ ಪುಟ್ಟ ರಬ್ಬರ್ ಬ್ಯಾಂಡುಗಳು. ಮೇಲಿನ ಕೋರೆಹಲ್ಲಿನ ಕೊಕ್ಕೆಯಿಂದ ಕೆಳಗಿನ ದವಡೆಹಲ್ಲಿನ ಕೊಕ್ಕೆಗೆ ಎಳೆದು, ಎರಡೂ ಕಡೆ ಸಿಕ್ಕಿಸಿಕೊಳ್ಳಬೇಕು. ಊಟಕ್ಕೆ ತೆಗೆದು, ಬಾಯಿ ಮುಕ್ಕಳಿಸಿದ ತಕ್ಷಣ ಹೊಸದು ಹಾಕಿಕೊಳ್ಳಬೇಕು.

ಅಮ್ಮ ಬಾಣಂತನಕ್ಕೆ ತವರಿಗೆ ಹೋಗಿದ್ದರಿಂದ ಮನೆ ಆಗ ಅಪ್ಪನ ತಾಯಿಯ ಕೈಯಲ್ಲಿತ್ತು. ಅಜ್ಜಿಯ ಮಡಿ ಅಂದರೆ ಮಡಿ. ಬಾಯಿಗೆ ಬೆರಳು ತಗುಲಿದರೆ ಕೈ ಎಂಜಲು, ತೊಳೆಯದೆ ಬಾಗಿಲ ಚಿಲಕವನ್ನೂ ಮುಟ್ಟುವ ಹಾಗಿಲ್ಲ. ಮೊದಲ ದಿನ ಗೊಣಗಿದರು. ಮರುದಿನ ಹಿತ್ತಿಲ ಬಾಗಿಲಲ್ಲಿ ನನಗೆಂದೇ ಒಂದು ಚೊಂಬು ನೀರು ತುಂಬಿಸಿಟ್ಟು, "ಹಾಕ್ಕೊಂಡು ಇದ್ರಲ್ಲಿ ಕೈ ತೊಳ್ಕೋ, ಮುಗೀತು" ಅಂದರು.

ಬ್ಯಾಂಡು ಬಿಟ್ಟದ್ದು ನಾನು. ದವಡೆ ನೋಯುತ್ತಿತ್ತು. ಅದನ್ನು ಹೇಗೋ ಸಹಿಸಿಕೊಂಡಿದ್ದೆ. ಆದರೆ ಒಂದು ದಿನ ಶಾಲೆಯಲ್ಲಿ ಎದ್ದು ನಿಂತು ಪಾಠ ಓದುವಾಗ ಬ್ಯಾಂಡು ಚಟ್ಟನೆ ಸಿಡಿದು ಮುಂದಿನ ಬೆಂಚಿನವಳ ಜಡೆಯ ಮೇಲೆ ಬಿತ್ತು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಅಪ್ಪನ ಕಣ್ಣೆದುರು ಮಾತ್ರ ಹಾಕಿಕೊಳ್ಳುತ್ತಿದ್ದೆ. ಅಪ್ಪನಿಗೆ ಗೊತ್ತಾಗಲಿಲ್ಲ, ಅಜ್ಜಿಗೆ ಗೊತ್ತಾಯಿತು. ಚೊಂಬಿನ ನೀರು ಇಟ್ಟ ಹಾಗೇ ಇರುತ್ತಿತ್ತಲ್ಲ! "ನೀರು ಮುಟ್ಟೇ ಇಲ್ವಲ್ಲೇ" ಎಂದು ಎರಡು ಸಲ ಕೇಳಿದರು. ನಾನು ಮುಖ ತಿರುಗಿಸಿಕೊಂಡು ಹೋದೆ.

ಮೂರು ತಿಂಗಳಾದ ಮೇಲೆ ಡಾಕ್ಟರು ನನ್ನ ಬಾಯೊಳಗೆ ಕನ್ನಡಿ ಇಟ್ಟು ನೋಡಿದರು. ಆಮೇಲೆ "ಆ ಪೊಟ್ಟಣ ಕೊಡಮ್ಮ" ಅಂದರು. ಬ್ಯಾಂಡಿನ ಪೊಟ್ಟಣ ಮುಕ್ಕಾಲು ಪಾಲು ಹಾಗೇ ಇತ್ತು. ಅದನ್ನು ಅಪ್ಪನ ಕಡೆ ಹಿಡಿದು, "ಹಾಕ್ಕೊಳ್ತಾನೇ ಇಲ್ಲ ಸಾರ್ ಇವಳು. ಇನ್ನೊಂದು ತಿಂಗಳು ನೋಡ್ತೀನಿ, ಆಮೇಲೆ ತಂತಿ ತೆಗೆದುಬಿಡ್ತೀನಿ" ಅಂದರು.

ಅಪ್ಪ ನನ್ನತ್ತ ತಿರುಗಿದರು.

"ಅಜ್ಜಿ ಬಿಡಲ್ಲ" ಅಂದೆ. "ಎಂಜಲು ಅಂತ ಬೈತಾರೆ."

ಮನೆಗೆ ವಾಪಸಾಗುವ ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತೆ. ಅವರು ಎಲ್ಲವನ್ನೂ ಕ್ಷಮಿಸಿಯಾರು, ಸುಳ್ಳನ್ನು ಮಾತ್ರ ಕ್ಷಮಿಸರು. ನಿಜ ಗೊತ್ತಾದರೆ ತಿಂಗಳವರೆಗೂ ಕಾಯದೆ ತಾವೇ ತಂತಿ ತೆಗೆಸಿಬಿಡುತ್ತಾರೆ, ನಾನು ಜೀವನಪೂರ್ತಿ ಬಾಯಿಗೆ ಸೆರಗು ಹಿಡಿದುಕೊಂಡು ನಗಬೇಕು. ಅಜ್ಜಿ ಆ ಚೊಂಬನ್ನು ತೋರಿಸಿದರೆ ಸಾಕಿತ್ತು, ನನ್ನ ಸುಳ್ಳು ಬಯಲಾಗುತ್ತಿತ್ತು. ಬಸ್ಸು ಕೆಟ್ಟು ನಿಲ್ಲಲಿ ಎಂದು ದೇವರಿಗೆ ಹರಕೆ ಹೊತ್ತೆ. ಅದು ಎಂದಿಗಿಂತ ಬೇಗ ಜಯನಗರ ಮುಟ್ಟಿತು.

ಅಜ್ಜಿ ನಡುಮನೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಅಪ್ಪ ಚಪ್ಪಲಿ ಬಿಟ್ಟವರೇ ಕೇಳಿದರು.

"ಅಮ್ಮಾ, ಮಗು ಬಾಯಿಗೆ ಬೆರಳಿಟ್ರೆ ಬೈತೀಯಂತೆ, ಹೌದಾ?"

ಅಜ್ಜಿಯ ಕೈ ನಿಂತಿತು. ನನ್ನನ್ನು ನೋಡಿದರು. ನಾನು ಕಂಬದ ಹಿಂದೆ ನಿಂತಿದ್ದೆ. ಅಲ್ಲಿಂದ ಹಿತ್ತಿಲ ಬಾಗಿಲೂ, ತುಂಬಿದ ಚೊಂಬೂ ಕಾಣುತ್ತಿದ್ದವು. ಅಪ್ಪ ಅತ್ತ ಕತ್ತು ತಿರುಗಿಸಿದ್ದರೂ ಮುಗಿಯುತ್ತಿತ್ತು.

"ಹೂಂ ಕಣಪ್ಪ, ಬೈದಿದ್ದೆ" ಅಂದರು ಅಜ್ಜಿ. "ಇನ್ಮೇಲೆ ಬೈಯಲ್ಲ."

ಅಪ್ಪ ಅಂದು ತಾಯಿಗೆ ಅಂದ ಮಾತುಗಳನ್ನು ಬರೆಯಲು ನನಗೆ ಮನಸ್ಸಿಲ್ಲ. ಅಜ್ಜಿ ತಲೆ ಬಗ್ಗಿಸಿ ಬತ್ತಿ ಹೊಸೆದರು. ನಾನು ಮಧ್ಯೆ ಬಾಯಿ ಬಿಡಲಿಲ್ಲ. ಅಪ್ಪ ಹೊರಗೆ ಹೋದ ಮೇಲೆ ಅಜ್ಜಿಯೇ ಎದ್ದು ಚೊಂಬು ತಂದು ನನ್ನೆದುರು ನಿಂತು, "ಹಾಕ್ಕೋ" ಅಂದರು. ಬ್ಯಾಂಡು ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಸಿಕ್ಕಿತು. ಅಜ್ಜಿ ನನ್ನ ಕೈಗೆ ನೀರು ಹಾಕಿದರು.

ಆಮೇಲೆ ಪ್ರತಿ ಊಟದ ನಂತರವೂ ಹೀಗೇ ನಡೆಯಿತು. ಡಾಕ್ಟರು ತಂತಿ ತೆಗೆಯಲಿಲ್ಲ. ಎರಡು ವರ್ಷಕ್ಕೆ ನನ್ನ ತುಟಿ ಮುಚ್ಚಿತು.

ಬಂದ ನೆಂಟರಿಗೆಲ್ಲ ಅಪ್ಪ ತಮಾಷೆಯಾಗಿ ಈ ಕಥೆ ಹೇಳುತ್ತಿದ್ದರು. "ನಮ್ಮಮ್ಮನ ಮಡೀಲಿ ಮಗು ಹಲ್ಲು ಹಾಳಾಗ್ತಿತ್ತು." ಅಜ್ಜಿಯೂ ನಗುತ್ತಿದ್ದರು. ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ಅಂದುಕೊಂಡೆ. ಇವತ್ತು ಬೇಡ, ನಾಳೆ ಎಂದುಕೊಂಡೆ.

ಅಜ್ಜಿ ತೀರಿಕೊಂಡ ಹದಿಮೂರನೆಯ ದಿನ, ಊಟದ ಪಂಕ್ತಿಯಲ್ಲಿ, ಅಪ್ಪ ಕಣ್ಣೊರೆಸಿಕೊಳ್ಳುತ್ತ ಅದೇ ಕಥೆ ಹೇಳಿದರು. ಎಲ್ಲರೂ ನಕ್ಕರು. ನಾನೂ ಹಲ್ಲು ಕಾಣುವ ಹಾಗೆ ನಕ್ಕೆ.