ಭೋಜನ ಫೈರ್‌ವಾಲೂ ಹರಕೆಯಾಟದ ಕಾಗದವೂ

ಸಾಲಿಗ್ರಾಮದಲ್ಲಿ ನನ್ನ ದಿನಸಿ ಅಂಗಡಿಗೆ ತಾಗಿಕೊಂಡೇ ಭೋಜ ಎಂಬವನ ಜೆರಾಕ್ಸ್ ಅಂಗಡಿ. ಮದುವೆ ಕಾಗದ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲು, ಉತ್ತರಕ್ರಿಯೆಯ ಕಾರ್ಡು ಎಲ್ಲ ಹುಟ್ಟುವುದು ಅವನ ಒಂದೇ ಕಂಪ್ಯೂಟರಿನಲ್ಲಿ. ಹದಿನಾರು ವರ್ಷದ ಕಸುಬಿನಲ್ಲಿ ಕಲಿತ ವಿದ್ಯೆಗಳಲ್ಲಿ ಅವನಿಗೆ ಬಲು ಹೆಮ್ಮೆಯದು, ಅದರೊಳಗೇ ಬರುವ ಫೈರ್‌ವಾಲನ್ನು ಆನ್ ಮಾಡುವುದು. ಒಂದು ಗುಂಡಿ ಒತ್ತುವ ಕೆಲಸ. ಹೇಳುವಾಗ ಮಾತ್ರ ಅಣೆಕಟ್ಟು ಕಟ್ಟಿದವನ ಗತ್ತು.

“ಹ್ವಾಯ್, ಇಂಟರ್ನೆಟ್ಟಿಂದ ಒಂದ್ ಸೊಳ್ಳೆಯೂ ಒಳ್ಗ್ ಬಪ್ಪುಕಾತಿಲ್ಲೆ.”

ಸೊಳ್ಳೆ ಬರಲಿಲ್ಲ, ನಿಜ. ಆದರೆ ಗಿರಾಕಿಗಳು ಜೇಬಿನಿಂದ ತೆಗೆದುಕೊಟ್ಟ ಪೆನ್‌ಡ್ರೈವನ್ನೆಲ್ಲ ಭೋಜ ತಾನೇ ಚುಚ್ಚುತ್ತಿದ್ದ. ಕಳೆದ ತಿಂಗಳು ಅಂಥದ್ದೊಂದರಲ್ಲಿ ವೈರಸ್ ಬಂತು. ಬೆಳಿಗ್ಗೆ ನೋಡಿದರೆ ಒಂದು ಫೈಲೂ ತೆರೆಯುವುದಿಲ್ಲ.

ಹಾಳಾದವುಗಳಲ್ಲಿ ಬಿಜೂರಿನ ಹರಿಣಾಕ್ಷಿಯವರ ಮನೆಯ ಹರಕೆಯಾಟದ, ಎಂದರೆ ಹರಕೆ ತೀರಿಸಲು ಆಡಿಸುವ ಯಕ್ಷಗಾನದ, ಆಮಂತ್ರಣ ಕಾಗದವಿತ್ತು. ಕಾಗದ ಸಣ್ಣದು, ಕೆಳಗೆ ಕರೆಯುವವರ ಐವತ್ತೆರಡು ಹೆಸರಿನ ಪಟ್ಟಿ ದೊಡ್ಡದು. ಯಾರ ಹೆಸರು ಯಾರ ಮೇಲೆ ಎಂದು ಕುಟುಂಬ ಎರಡು ತಿಂಗಳು ಜಗಳವಾಡಿ, ಭೋಜನ ಪಕ್ಕ ಕುರ್ಚಿ ಹಾಕಿ ಕುಳಿತು ಒಂದೊಂದನ್ನೇ ಹತ್ತಿಸಿ ಇಳಿಸಿ, ಅಂತೂ ಒಪ್ಪಿದ ಪಟ್ಟಿ. ಹರಿಣಾಕ್ಷಿಯವರಿಗೆ ಸಿಕ್ಕಿದ್ದು ಏಳನೇ ಜಾಗ. ಬೇರೆ ಪ್ರತಿಯಿಲ್ಲ. ಆಟಕ್ಕೆ ಹತ್ತೇ ದಿನ.

“ಬ್ಯಾಕಪ್ ಇಲ್ಯಾ ಮಾರಾಯ?” ಎಂದೆ.

“ಇತ್ತ್. ಹ್ವಾದ ವಾರ ಡಿಸ್ಕ್ ಇಮೇಜೇ ಮಾಡಿದ್ದೆ. ಇಡೀ ಕಂಪ್ಯೂಟರ್ ಒಂದೇ ಫೈಲಲ್ಲಿ.”

“ಆ ಫೈಲ್ ಎಲ್ಲಿತ್?”

“ಇದ್ರೊಳ್ಗೇ.”

ಅದನ್ನೂ ವೈರಸ್ ಬಿಟ್ಟಿರಲಿಲ್ಲ. ದೋಣಿ ಮುಳುಗಿದರೆ ಬೇಕಾದೀತೆಂದು ಇನ್ನೊಂದು ದೋಣಿಯನ್ನು ಅದೇ ದೋಣಿಗೆ ಹೇರಿಕೊಂಡ ಜಾಣ!

ಹನ್ನೊಂದಕ್ಕೆ ಹರಿಣಾಕ್ಷಿ ಬಂದರು. ಭೋಜ ಎದ್ದು ನಿಂತ.

“ಅಕ್ಕ, ಹೆಸ್ರೆಲ್ಲ ಹೋಯ್ತ್. ಎಲ್ರನ್ನೂ ಇನ್ನೊಂದ್ ಸಲ ಕರ್ಸಿ...”

ಅವರು ಪರದೆಯನ್ನೇ ನೋಡಿದರು. ಬೈಗುಳಕ್ಕೆ ಕಾಯುತ್ತ ಭೋಜ ಕುರ್ಚಿಯನ್ನು ಅವರತ್ತ ಸರಿಸಿದ.

“ಎಲ್ಲವೂ ಹೋಯ್ತಾ?”

“ಎಲ್ಲವೂ.”

“ತಿರ್ಗಿ ಸಿಕ್ಕುದಿಲ್ಯಾ?”

“ಇಲ್ಲೆ ಅಕ್ಕ.”

“ಎಂತ ಮಾಡುದ್, ದೇವ್ರ ಮನ್ಸ್. ‘ಹರಿಣಾಕ್ಷಿ ಮತ್ತು ಕುಟುಂಬದವರು’ ಅಂದೇಳಿ ಹಾಕ್. ಇವತ್ತೇ ಪ್ರಿಂಟ್ ಮಾಡ್.”

ಎರಡು ತಿಂಗಳಲ್ಲಿ ಐವತ್ತೊಂದು ಜನರಿಂದ ಗಿಟ್ಟದ ಜಾಗವನ್ನು ಒಂದು ಪೆನ್‌ಡ್ರೈವ್ ಕೊಡಿಸಿತ್ತು. ಸಂಜೆ ಐನೂರು ಕಾಗದದ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದವರು ತಿರುಗಿ ನಿಂತರು.

“ಭೋಜ, ರಿಪೇರಿ ಮಾಡ್ತೆ ಅಂದೇಳಿ ಯಾರಾರೂ ಬಂದ್ರೆ, ಆಟ ಮುಗಿಯುವರಿಗೆ ಅದನ್ ಮುಟ್ಟುಕ್ ಬಿಡ್ಬೇಡ, ಕಾಣ್.”